ಬರೆದವರ ಸಾಲು, ಹಾಡುವವರ ಬಾಯಿ

ಓದುಗರ ಪತ್ರ: ‘ಷೋ ಬೋಟ್’ ಸಂಗೀತ ನಾಟಕದ ‘ಓಲ್ ಮ್ಯಾನ್ ರಿವರ್’ (ಮುದುಕ ನದಿ) ಹಾಡನ್ನು ಅಮೆರಿಕದ ಕಪ್ಪು ಗಾಯಕ ಪಾಲ್ ರೋಬ್ಸನ್ ಅವರ ದನಿಯಲ್ಲೇ ಎರಡು ಧ್ವನಿಮುದ್ರಿಕೆಗಳಲ್ಲಿ ಕೇಳಿದೆ. ಎರಡರ ಸಾಹಿತ್ಯವೂ ಬೇರೆ ಬೇರೆಯಾಗಿದೆ. ಕವಿಯ ಸಾಲನ್ನು ಗಾಯಕ ತನ್ನಿಷ್ಟದಂತೆ ತಿದ್ದುವುದು ಅಪಚಾರವಲ್ಲವೇ?
– ನಿವೃತ್ತ ಅಧ್ಯಾಪಕರೊಬ್ಬರು, ಸಾಗರ

ಸಂಪಾದಕರ ಉತ್ತರ: ಮಾನ್ಯರೇ, ಎರಡು ಮುದ್ರಿಕೆಗಳನ್ನು ಸಾಲುಸಾಲಾಗಿ ಹೋಲಿಸಿ ಕೇಳುವ ತಾಳ್ಮೆ ಈಗ ಎಷ್ಟು ಜನರಿಗಿದೆ? ಅಂಥ ಕಿವಿಯುಳ್ಳ ತಾವು ‘ಅಪಚಾರ’ ಎಂಬ ಮಾತಿಗೆ ಇಷ್ಟು ಬೇಗ ಕೈಹಾಕಬಾರದಿತ್ತು ಎಂಬುದಷ್ಟೇ ನನ್ನ ಆಕ್ಷೇಪ.

ತಮ್ಮ ವಾದದಲ್ಲಿ ಹುರುಳಿಲ್ಲವೆಂದಲ್ಲ. ಸಾಹಿತ್ಯ ರಚಿಸಿದ ಆಸ್ಕರ್ ಹ್ಯಾಮರ್‌ಸ್ಟೈನ್ ಅವರೇ ಈ ತಿದ್ದುಪಡಿಗಳಿಂದ ಬೇಸರಗೊಂಡು, ರೋಬ್ಸನ್ ಬೇಕಾದರೆ ತಮ್ಮ ಹಾಡುಗಳನ್ನು ತಾವೇ ಬರೆದುಕೊಳ್ಳಲಿ, ನನ್ನವನ್ನು ಬಿಟ್ಟುಬಿಡಲಿ ಎಂಬರ್ಥದ ಮಾತನ್ನಾಡಿದ್ದರು. ಹ್ಯಾಮರ್‌ಸ್ಟೈನ್ ಸಣ್ಣ ಮನಸ್ಸಿನವರೂ ಅಲ್ಲ. 1949ರ ‘ಸೌತ್ ಪೆಸಿಫಿಕ್’ ನಾಟಕದಿಂದ ಜನಾಂಗದ್ವೇಷವನ್ನು ಪ್ರಶ್ನಿಸುವ ಹಾಡನ್ನು ತೆಗೆಯಬೇಕೆಂಬ ಒತ್ತಡಕ್ಕೆ ಮಣಿಯದೆ ನಿಂತವರು. ಬರೆದವರ ಹಕ್ಕು ದೊಡ್ಡದು, ಒಪ್ಪೋಣ.

ಆದರೆ ಈ ಹಾಡು ಯಾರ ಬಾಯಿಗೆ ಇಟ್ಟ ಮಾತು ಎಂಬುದನ್ನು ನೋಡಿ. 1927ರ ಡಿಸೆಂಬರ್ 27ರಂದು ನ್ಯೂಯಾರ್ಕಿನ ಝೀಗ್‌ಫೆಲ್ಡ್ ಥಿಯೇಟರಿನಲ್ಲಿ ಈ ನಾಟಕ ರಂಗಕ್ಕೆ ಬಂತು. ಕಥೆ ಎಡ್ನಾ ಫರ್ಬರ್ ಅವರ ಕಾದಂಬರಿಯದು, ಸಂಗೀತ ಜೆರೋಮ್ ಕರ್ನ್ ಅವರದು. ಮಿಸಿಸಿಪ್ಪಿ ನದಿಯ ಮೇಲೆ ಊರಿಂದೂರಿಗೆ ತೇಲುವ ನಾಟಕದ ದೋಣಿಯೊಂದರ ಸುತ್ತ ನಾಲ್ಕು ದಶಕಗಳಷ್ಟು ಹರಡಿಕೊಂಡ ಕಥೆಯನ್ನು ಕಟ್ಟಿ ಹಿಡಿಯುವುದು ದಡದಲ್ಲಿ ಮೂಟೆ ಹೊರುವ ಕಪ್ಪು ಕೂಲಿಯಾಳು ಜೋ ಹಾಡುವ ಈ ಹಾಡು. ಪಲ್ಲವಿ ಹೆಚ್ಚಾಗಿ ಐದೇ ಸ್ವರಗಳಲ್ಲಿ ನಡೆಯುವುದರಿಂದ ಮೋಹನ ರಾಗ ಕೇಳಿ ಬೆಳೆದ ನಮ್ಮ ಕಿವಿಗೆ ಅದು ಹೊರಗಿನದೆನಿಸುವುದೇ ಇಲ್ಲ. ಮಂದ್ರದ ಆಳದಲ್ಲಿ ಹುಟ್ಟಿ, ಒಂದೂವರೆ ಸ್ಥಾಯಿಗೂ ಮಿಗಿಲಾಗಿ ಏರಿ ಕೊನೆಯಲ್ಲಿ ಬಾಯ್ತೆರೆಯುವ ಆ ಏರಿಕೆಯಲ್ಲಿ ಬೆನ್ನ ಮೇಲಿನ ಭಾರವೆಲ್ಲ ಕೇಳಿಸುತ್ತದೆ. ಅದು ಗುಲಾಮರೇ ಕಟ್ಟಿ ಹಾಡಿದ ಜನಪದ ಗೀತೆಯೆಂದು ನಾನು ಬಹುಕಾಲ ನಂಬಿದ್ದೆ. ವಾಸ್ತವದಲ್ಲಿ ಅದು ಇಬ್ಬರು ಬಿಳಿಯರು ಕಲ್ಪಿಸಿಕೊಂಡ ಕರಿಯನೊಬ್ಬನ ದಣಿವು. ಮೊದಲ ಪ್ರಯೋಗದಲ್ಲಿ ಕಪ್ಪು ಜನರನ್ನು ಹೀನಾಯವಾಗಿ ಕರೆಯುವ ಬೈಗುಳವೇ ಅದರ ಆರಂಭದ ಪದವಾಗಿತ್ತು. 1936ರ ಚಲನಚಿತ್ರದ ಹೊತ್ತಿಗೆ ಆ ಜಾಗದಲ್ಲಿ ಇನ್ನೊಂದು ಪದ, 1946ರ ಮರುಪ್ರಯೋಗದಲ್ಲಿ ಮತ್ತೂ ಸಭ್ಯವಾದ ಪದ ಬಂದು ಕೂತಿತು. ತಿದ್ದಲೇಬಾರದ ಪಾಠ ಎಂಬುದು ಇಲ್ಲಿ ಎಲ್ಲಿತ್ತು, ಹೇಳಿ?

ರೋಬ್ಸನ್ ಅವರ ತಂದೆ ಉತ್ತರ ಕೆರೊಲಿನಾದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಓಡಿಬಂದವರು. ಮಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ, ರಂಗಕ್ಕೆ ಬಂದು, 1928ರಲ್ಲಿ ಲಂಡನ್ನಿನ ಡ್ರೂರಿ ಲೇನ್ ರಂಗಮಂದಿರದಲ್ಲಿ ಜೋ ಆದರು. ಅದೇ ಹಾಡನ್ನು ಊರೂರಿನ ಕಛೇರಿಗಳಲ್ಲಿ ಹಾಡುತ್ತ ಹಾಡುತ್ತ, ಸ್ವಲ್ಪ ಕುಡಿದರೆ ಜೈಲು ಎಂಬ ಸಾಲನ್ನು ಸ್ವಲ್ಪ ಕೆಚ್ಚು ತೋರಿದರೆ ಜೈಲು ಎಂದು ಬದಲಿಸಿದರು. ಬದುಕು ಬೇಸರ, ಸಾವಿನ ಭಯ ಎಂದು ಕುಗ್ಗುತ್ತಿದ್ದ ಜಾಗದಲ್ಲಿ ಸಾಯುವತನಕ ಹೋರಾಡಬೇಕು ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, ಆ ಮುದುಕ ನದಿಯಂತೆ ನಾನಾಗಬೇಕು ಎಂದಿದ್ದ ಜೋ ಈಗ ಅದರಂತಾಗಲು ನನಗಿಷ್ಟವಿಲ್ಲ ಎಂದ. ಎಲ್ಲವನ್ನೂ ನೋಡುತ್ತ ಸುಮ್ಮನೆ ಹರಿಯುವ ಹಿರಿಮೆಯನ್ನು ಆತ ಬೇಡವೆಂದ. ಸಾವಿರಾರು ಜನರ ಮುಂದೆ ನಿಂತು ಈ ಸಾಲುಗಳನ್ನು ತಮ್ಮ ಮೈಬಣ್ಣದ ಮೇಲೆ ಹೊತ್ತವರು ಅವರು. ತಮ್ಮವರನ್ನು ಕುಗ್ಗಿಸುವ ಮಾತನ್ನು ನುಡಿಯಲಾರೆ ಎನ್ನುವುದು ಅವರಿಗಲ್ಲದೆ ಇನ್ನಾರಿಗೆ ಸಲ್ಲುತ್ತದೆ? 1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟನ್ನೇ ಕಿತ್ತುಕೊಂಡು ಎಂಟು ವರ್ಷ ಹೊರದೇಶಕ್ಕೆ ಬಿಡಲಿಲ್ಲ. ಕೆಚ್ಚು ತೋರಿದರೆ ಏನಾಗುತ್ತದೆಂಬ ಆ ಸಾಲಿಗೆ ಅವರು ತಮ್ಮ ಬಾಳಿನಿಂದಲೇ ಬೆಲೆ ತೆತ್ತರು.

ಕಳೆದ ವರ್ಷ ಸುಗಮ ಸಂಗೀತದ ಸಭೆಯೊಂದರಲ್ಲಿ ಕೂತಿದ್ದೆ. ಹೆಸರಾಂತ ಗಾಯಕರೊಬ್ಬರು ಕವಿತೆಯ ಕೊನೆಯ ನುಡಿಯನ್ನು ಬಿಟ್ಟು, ಮೊದಲ ಸಾಲನ್ನೇ ಹತ್ತು ಬಗೆಯಲ್ಲಿ ತಿರುಗಿಸಿ ಹಾಡಿ ಚಪ್ಪಾಳೆ ಗಿಟ್ಟಿಸಿದರು. ಕವಿ ಹೇಳಲು ಹೊರಟದ್ದು ಇದ್ದದ್ದೇ ಆ ಕೊನೆಯ ನುಡಿಯಲ್ಲಿ. ಸಾಹಿತ್ಯಕ್ಕೆ ಅಪಚಾರವಾಯಿತೆಂದು ಒಬ್ಬರೂ ನಮಗೆ ಪತ್ರ ಬರೆಯಲಿಲ್ಲ. ರಂಗಗೀತೆಗಳ ಪಾಡು ಇನ್ನೂ ಕಷ್ಟ: ಟಿ.ವಿ. ಸ್ಪರ್ಧೆಗಳಲ್ಲಿ ಅವನ್ನು ಹಾಡುವ ಮಕ್ಕಳಿಗೆ ಅದು ಯಾವ ನಾಟಕದ್ದು, ಯಾವ ಪಾತ್ರ ಯಾರಿಗೆ ಹೇಳಿದ ಮಾತು ಎಂಬುದನ್ನು ಯಾರೂ ತಿಳಿಸುವುದಿಲ್ಲ. ಶ್ರುತಿಗೆ ಅಂಕವುಂಟು, ಅರ್ಥಕ್ಕಿಲ್ಲ. ಅರ್ಥ ನೋಡದೆ ಸಾಲು ನುಂಗಿದವರು ನಮ್ಮಲ್ಲಿ ಕ್ಷಮೆಗೆ ಅರ್ಹರು. ಅರ್ಥವನ್ನು ಜೀವಕ್ಕೆ ಹಚ್ಚಿಕೊಂಡು ಒಂದು ಪದ ಬದಲಿಸಿದವರು ಅಪರಾಧಿಗಳು! ಈ ಲೆಕ್ಕ ನನಗೆ ಇಂದಿಗೂ ನೋವು ತರುತ್ತದೆ.

ಇನ್ನೊಂದು ಹಾಡನ್ನು ತಾವು ಕೇಳಬೇಕು. ಕೊಲಂಬಿಯಾದಲ್ಲಿ ಓದುತ್ತಿದ್ದಾಗ ರೋಬ್ಸನ್ ಅವರ ಒಡನಾಟ ಪಡೆದ ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಊರಿಗೆ ಮರಳಿ ಅಸ್ಸಾಮಿಯಲ್ಲಿ ‘ಬಿಸ್ತೀರ್ಣ ಪಾರೋರೆ’ ಎಂಬ ಹಾಡು ಕಟ್ಟಿದರು. ಹಿಂದಿಯಲ್ಲಿ ಅದೇ ಗಂಗೆಯ ಹಾಡಾಯಿತು. ಅಸ್ಸಾಮಿ ಹಾಡಿನಲ್ಲಿ ನದಿಯ ಹೆಸರು ಲುಯಿತ್, ಅಂದರೆ ಬ್ರಹ್ಮಪುತ್ರ. ಎರಡೂ ದಡದ ಅಸಂಖ್ಯ ಜನರ ಹಾಹಾಕಾರ ಕೇಳಿಯೂ ಮುದುಕ ಲುಯಿತ್, ನೀನು ಸದ್ದಿಲ್ಲದೆ ಹರಿಯುವುದೇಕೆ ಎಂದು ಹಾಡುಗಾರ ನದಿಯನ್ನೇ ತಡೆದು ಕೇಳುತ್ತಾನೆ. ಈ ಪ್ರಶ್ನೆ 1927ರ ಸಾಹಿತ್ಯದಲ್ಲಿಲ್ಲ. ರೋಬ್ಸನ್ ತಿದ್ದಿದ ಹಾಡನ್ನು ಮತ್ತೊಮ್ಮೆ ಕೇಳಿದ ಮೇಲೆ ಇದನ್ನು ಹಾಕಿ ಕೇಳಿ, ಆಮೇಲೆ ನನಗೆ ಇನ್ನೊಂದು ಪತ್ರ ಬರೆಯಿರಿ.