ಗೇರ್ ಬಾಕ್ಸ್ ಬಿಚ್ಚಿಸೋಕೆ ಮುಂಚೆ: ಪಿಕಪ್ ಓನರ್‌ಗಳ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಸರ್, ಮಲ್ಪೆಯಿಂದ ಮೀನು ಲೋಡ್ ಮಾಡ್ಕೊಂಡು ಚಾರ್ಮಾಡಿ ಹತ್ತಿ ಚಿಕ್ಕಮಗಳೂರಿಗೆ ಹೋಗ್ತೀನಿ. ಈಗೀಗ ಘಾಟಿಲಿ ಆಕ್ಸಿಲೇಟರ್ ಒತ್ತಿದ್ರೆ ಇಂಜಿನ್ ಕೂಗತ್ತೆ, ಗಾಡಿ ಏರಲ್ಲ, ಸುಟ್ಟ ವಾಸನೆ ಬೇರೆ. ಮೆಕ್ಯಾನಿಕ್ಕು ಗೇರ್ ಬಾಕ್ಸ್ ಹೋಗಿದೆ, ಬಿಚ್ಬೇಕು ಅಂತಿದಾನೆ. ಬಿಚ್ಸಲಾ? (ಉಡುಪಿ)

ಉತ್ತರ: ಬೇಡ, ತಡೀರಿ. ಗೇರ್ ಬಾಕ್ಸ್ ಒಳಗೆ ಹಲ್ಲು ಹೋಗಿದ್ರೆ ಕರಕರ ಸೌಂಡ್ ಬರತ್ತೆ, ಇಲ್ಲ ಗೇರ್ ತಾನಾಗೇ ಹೊರಗೆ ಬರತ್ತೆ. ಇಂಜಿನ್ ಕೂಗಿ ವಾಸನೆ ಬರೋದು ಕ್ಲಚ್ ಸ್ಲಿಪ್ಪಾದಾಗ. ಖಾಲಿ ಇರೋ ನೇರ ರೋಡಲ್ಲಿ ಟಾಪ್ ಗೇರ್ ಹಾಕಿ 40ರ ಸ್ಪೀಡಲ್ಲಿ ಹೋಗ್ತಾ ಆಕ್ಸಿಲೇಟರ್ ಪೂರ್ತಿ ಒತ್ತಿ ನೋಡಿ, ಸೌಂಡ್ ಮಾತ್ರ ಏರಿ ಸ್ಪೀಡ್ ಏರ್ಲಿಲ್ಲ ಅಂದ್ರೆ ಕ್ಲಚ್ಚೇ. ಹೊಸ ಕ್ಲಚ್ ಪ್ಲೇಟ್ ಹಾಕ್ಬೇಕಂದ್ರೆ ಗೇರ್ ಬಾಕ್ಸ್ ಇಳಿಸ್ಲೇಬೇಕು ನಿಜ, ಆದ್ರೆ ಗಾಡಿಯಿಂದ ಇಳಿಸೋದು, ಅದರ ಒಳಗೆ ಬಿಚ್ಚೋದು ಎರಡೂ ಒಂದೇ ಕೆಲಸ ಅಲ್ಲ, ಬಿಲ್ಲೂ ಒಂದೇ ಅಲ್ಲ. ಇಳಿಸಿದ ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರೂ ಒಟ್ಟಿಗೆ ಬದಲಿಸಿ, ಇಲ್ಲಾಂದ್ರೆ ಬೇರಿಂಗ್ ಕೂಗ್ದಾಗ ಅದೇ ಲೇಬರ್ ಮತ್ತೆ ಕೊಡ್ಬೇಕು. ಹಳೇ ಪ್ಲೇಟಿಗೆ ಆಯಿಲ್ ಅಂಟಿದ್ರೆ ಇಂಜಿನ್ ಹಿಂದಿನ ಸೀಲೋ ಗೇರ್ ಬಾಕ್ಸ್ ಮುಂದಿನ ಸೀಲೋ ಸೋರ್ತಿದೆ ಅಂತ, ಅದನ್ನ ಬಿಟ್ಟು ಹೊಸ ಪ್ಲೇಟ್ ಹಾಕಿದ್ರೆ ದುಡ್ಡು ದಂಡ. ಇನ್ನೊಂದು ಮಾತು, ಹೇರ್‌ಪಿನ್ನಲ್ಲಿ ಎದುರು ಬಸ್ ಬಂದಾಗ ಹಾಫ್ ಕ್ಲಚ್ಚಲ್ಲಿ ಗಾಡಿ ನಿಲ್ಸ್ಕೊಂಡಿರೋ ಅಭ್ಯಾಸ ಇದ್ರೆ ಎಷ್ಟ್ ಒಳ್ಳೇ ಪ್ಲೇಟೂ ಬಾಳಲ್ಲ, ಹ್ಯಾಂಡ್ ಬ್ರೇಕ್ ಇರೋದು ಅದಕ್ಕೇ.

ಪ್ರಶ್ನೆ: ಮಾವಿನ ಲೋಡ್ ಓಡಿಸ್ತೀನಿ. ರಿವರ್ಸಿಂದ ಫಸ್ಟಿಗೆ ಹಾಕಿ ಕ್ಲಚ್ ಬಿಟ್ರೆ ಕೆಳಗಡೆ ಟಕ್ ಅನ್ನತ್ತೆ. ಖಾಲಿ ಬರುವಾಗ 60 ದಾಟಿದ್ರೆ ಗಾಡಿಯೆಲ್ಲಾ ಅದುರತ್ತೆ, ಲೋಡಲ್ಲಿ ಅಷ್ಟಿಲ್ಲ. (ಶ್ರೀನಿವಾಸಪುರ)

ಉತ್ತರ: ಟಕ್ ಅನ್ನೋದು ಬಹುಪಾಲು ಗೇರ್ ಬಾಕ್ಸಿಂದ ಹಿಂದಿನ ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್, ಅಂದ್ರೆ ಅದರ ಜಾಯಿಂಟಲ್ಲಿರೋ ಕೂಡು ತುಂಡು. ಚಕ್ರಕ್ಕೆ ಕಲ್ಲು ಕೊಟ್ಟು ನ್ಯೂಟ್ರಲ್ ಮಾಡಿ ಕೆಳಗೆ ಹೋಗಿ, ಜಾಯಿಂಟಿನ ಎರಡೂ ಕಡೆ ಹಿಡಿದು ತಿರುಚಿ, ಆಟ ಇದ್ರೆ ಅಥವಾ ಕಪ್ ಸುತ್ತ ತುಕ್ಕಿನ ಪುಡಿ ಕಂಡ್ರೆ ಕ್ರಾಸ್ ಮುಗೀತು. ಶಾಫ್ಟ್ ಎರಡು ತುಂಡಿಂದಾದ್ರೆ ಮಧ್ಯದ ಸೆಂಟರ್ ಬೇರಿಂಗಿನ ರಬ್ಬರ್ ಹರಿದಿದ್ಯಾ ಅಂತಾನೂ ನೋಡಿ. ಶಾಫ್ಟ್ ಬಿಚ್ಚೋಕೆ ಮುಂಚೆ ಪೇಂಟಲ್ಲಿ ಮಾರ್ಕ್ ಹಾಕ್ಸಿ, ಸ್ಪ್ಲೈನ್ (ಶಾಫ್ಟ್ ಕೂರೋ ಉದ್ದ ಹಲ್ಲು) ತಪ್ಪಿ ಕೂತ್ರೆ ಎರಡು ತುದಿ ಕ್ರಾಸ್‌ಗಳ ಲೈನ್ ತಪ್ಪಿ ಹೊಸ ವೈಬ್ರೇಶನ್ ಶುರುವಾಗತ್ತೆ, ಆಮೇಲೆ ಟೈರ್ ಬ್ಯಾಲೆನ್ಸಿಂಗಿಗೆ ಅಂತ ಅಲೀತಾ ಇರ್ಬೇಕು.

ಖಾಲಿ ಇದ್ದಾಗ ಜಾಸ್ತಿ ಅದುರತ್ತೆ ಅಂದ್ರಲ್ಲ, ಹೆಚ್ಚು ಲೋಡಿಗೆ ಅಂತ ಹಿಂದೆ ಎಕ್ಸ್‌ಟ್ರಾ ಲೀಫ್ ಸ್ಪ್ರಿಂಗ್ ಪ್ಲೇಟ್ ಹಾಕ್ಸಿದೀರಾ? ಹಾಕ್ಸಿದ್ರೆ ಖಾಲಿ ಗಾಡಿ ಹಿಂಭಾಗ ಎತ್ತರ ಆಗಿ ಶಾಫ್ಟಿನ ಆಂಗಲ್ ಕೆಡತ್ತೆ, ಲೋಡ್ ಬಿದ್ದಾಗ ಸರಿಹೋಗತ್ತೆ. ಆ ಪ್ಲೇಟ್ ಇರೋವರೆಗೂ ಕ್ರಾಸ್ ಎಷ್ಟ್ ಬದಲಿಸಿದ್ರೂ ಅಷ್ಟೇ.

ಪ್ರಶ್ನೆ: ಸರ್, ಹಿಂದ ಹೌಸಿಂಗ್ ಕಡೆಯಿಂದ ಗುಂಯ್ ಅಂತ ಸೌಂಡ್ ಬರಾಕತ್ತೈತಿ. ಕ್ರೌನ್ ಹೋಗೇತೇನ್ರಿ? (ಹುಬ್ಬಳ್ಳಿ)

ಉತ್ತರ: ಆಕ್ಸಿಲೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಕೇಳಿದ್ರೆ ಕ್ರೌನ್ ಪಿನಿಯನ್ ಮೇಲೆ, ಅಂದ್ರೆ ಹೌಸಿಂಗ್ ಅನ್ನೋ ಹಿಂದಿನ ಆಕ್ಸಲ್ ಪೆಟ್ಟಿಗೆ ಒಳಗೆ ಶಾಫ್ಟಿನ ತಿರುಗಾಟನ ಚಕ್ರಗಳಿಗೆ ಕೊಡೋ ಗೇರ್ ಜೋಡಿ ಮೇಲೆ, ಡೌಟ್ ಪಡಿ. ತಿರುವಲ್ಲಿ ಒಂದು ಕಡೆ ವಾಲಿದಾಗ ಜಾಸ್ತಿಯಾದ್ರೆ ಅದು ಚಕ್ರದ ಬೇರಿಂಗು. ಎರಡಕ್ಕಿಂತ ಮುಂಚೆ ಹೌಸಿಂಗ್ ಆಯಿಲ್ ಲೆವೆಲ್ ನೋಡ್ಸಿ. ಆಕ್ಸಲ್ ಮೇಲಿರೋ ಬ್ರೀದರ್ (ಒಳಗಿನ ಗಾಳಿ ಹೊರಗೆ ಬಿಡೋ ತೂತು) ಮಣ್ಣಲ್ಲಿ ಕಟ್ಕೊಂಡ್ರೆ ಬಿಸಿಗೆ ಒಳಗೆ ಪ್ರೆಶರ್ ಆಗಿ ಸೀಲಿಂದ ಆಯಿಲ್ ಸೋರತ್ತೆ, ಜನ ಸೀಲ್ ಬದಲಿಸ್ತಾರೆ, ಬ್ರೀದರ್ ಯಾರೂ ಮುಟ್ಟಲ್ಲ.

ಪ್ರಶ್ನೆ: ಗೇರ್ ಆಯಿಲ್ ಬದಲಿಸಿದ ಮೇಲೆ ಸೆಕೆಂಡ್ ಗೇರ್ ಕರ್ ಅಂತ ಬೀಳ್ತಿದೆ. (ತುಮಕೂರು)

ಉತ್ತರ: ಯಾವ ಆಯಿಲ್ ಹಾಕಿದ್ರು ಅಂತ ಕೇಳಿ. 80ಡಬ್ಲ್ಯೂ-90 (ಆಯಿಲ್ ಎಷ್ಟು ದಪ್ಪ ಅನ್ನೋ ನಂಬರ್) ಅಂತ ಡಬ್ಬಿ ಮೇಲಿದ್ರೆ ಸಾಲಲ್ಲ, ಅದರ ದರ್ಜೆ ಜಿಎಲ್-4 ಅಥವಾ ಜಿಎಲ್-5 ಅಂತಾನೂ ನೋಡ್ಬೇಕು. ಹೌಸಿಂಗಿಗೆ ಹಾಕೋ ಜಿಎಲ್-5ನ್ನೇ ಗೇರ್ ಬಾಕ್ಸಿಗೂ ಸುರಿಯೋ ಶೆಡ್‌ಗಳಿವೆ. ಅದು ಜಾಸ್ತಿ ಜಾರತ್ತೆ, ಗೇರ್ ಸಲೀಸಾಗಿ ಬೀಳೋ ಹಾಗೆ ಸ್ಪೀಡ್ ಹೊಂದಿಸೋ ಸಿಂಕ್ರೋ ರಿಂಗಿಗೆ ಹಿಡಿತ ಸಿಗಲ್ಲ, ಹಿತ್ತಾಳೆ ರಿಂಗಿದ್ರೆ ಕೆಲವು ಜಿಎಲ್-5 ಆಯಿಲ್ ಅದನ್ನ ತಿನ್ನತ್ತೆ ಕೂಡ. ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರೋ ಗ್ರೇಡನ್ನೇ ಹಾಕ್ಸಿ ಓಡ್ಸಿ, ಆಗ್ಲೂ ಕರ್ ಅಂದ್ರೆ ಮಾತ್ರ ಬಿಚ್ಸಿ.