ಕತ್ತಿಯೇಟಿಗೆ ಮುಂಚಿನ ಭಯವೇ ‘ಸ್ಪಾರ್ಟಕಸ್’ನ ಜೀವಾಳ

ಪ್ರಾಚೀನ ರೋಮಿನ ಹಳೆಯ ಸಾಹಸಚಿತ್ರಗಳಲ್ಲಿ ಇಂದಿಗೂ ನೋಡಬೇಕಾದದ್ದು ಯಾವುದು, ಮೂರು ಗಂಟೆ ಕೂತು ನೋಡಲು ಅದರಲ್ಲಿ ಏನಿದೆ ಎಂದು ಕೇಳಿದ್ದೀರಿ. ನನ್ನ ಆಯ್ಕೆ ಸ್ಟಾನ್ಲಿ ಕುಬ್ರಿಕ್ ನಿರ್ದೇಶನದ, 1960ರ ‘ಸ್ಪಾರ್ಟಕಸ್’. ನೋಡುಗರ ಮೋಜಿಗಾಗಿ ಕಾದಾಡುವ ಗ್ಲಾಡಿಯೇಟರ್ ಆಗಿದ್ದು, ರೋಮಿನ ವಿರುದ್ಧ ಗುಲಾಮರ ದಂಗೆಯನ್ನು ಮುನ್ನಡೆಸಿದವನ ಕಥೆಯಿದು. ಕತ್ತಿಯೇಟು ಬೀಳುವ ಮುಂಚಿನ ಭಯವನ್ನು ಇಷ್ಟು ಸಾವಧಾನವಾಗಿ ತೋರಿಸಿದ ರೋಮನ್ ಚಿತ್ರವನ್ನು ನಾನು ಬೇರೆ ನೋಡಿಲ್ಲ.

ಇಟಲಿಯ ಕಾಪುವಾ ಪಟ್ಟಣದ ಗ್ಲಾಡಿಯೇಟರ್ ಶಾಲೆಗೆ ಬಂದ ಸಿರಿವಂತರು ಎರಡು ಜೋಡಿಗಳು ಸಾಯುವವರೆಗೂ ಕಾದಾಡಬೇಕೆಂದು ಹಟ ಹಿಡಿಯುತ್ತಾರೆ. ಆಗ ಶಾಲೆಯ ಒಡೆಯನಾಗಿ ನಟಿಸಿದ ಪೀಟರ್ ಉಸ್ತಿನೋವ್ ಅವರ ಮುಖ ನೋಡಿ; ಆ ಪಾತ್ರಕ್ಕೆ ಆಸ್ಕರ್ ಸುಮ್ಮನೆ ಬರಲಿಲ್ಲ. ಸರದಿಗಾಗಿ ಸ್ಪಾರ್ಟಕಸ್ ಪಾತ್ರದ ಕರ್ಕ್ ಡಗ್ಲಸ್, ಡ್ರಾಬಾ ಪಾತ್ರದ ವುಡಿ ಸ್ಟ್ರೋಡ್ ಮರದ ಗೂಡಿನಲ್ಲಿ ಎದುರುಬದುರು ಕೂತಿದ್ದಾರೆ. ಹೊರಗೆ ಮೊದಲ ಜೋಡಿಯ ಕಾದಾಟ. ಹಲಗೆಗಳ ಸಂದಿಯಲ್ಲಿ ತುಸು ಕಾಣುತ್ತದೆ, ಉಳಿದದ್ದೆಲ್ಲ ಬರೀ ಸದ್ದು. ಇಬ್ಬರ ಕಣ್ಣುಗಳು ಒಮ್ಮೆ ಕೂಡುತ್ತವೆ, ಒಮ್ಮೆ ತಪ್ಪಿಸಿಕೊಳ್ಳುತ್ತವೆ. ಮುಂದೆ ನಿನ್ನನ್ನೇ ಕೊಲ್ಲಬೇಕಾಗಿ ಬರಬಹುದು ಎಂದು ಹಿಂದೊಮ್ಮೆ ತನ್ನ ಹೆಸರನ್ನೂ ಹೇಳದಿದ್ದವನು ಇದೇ ಡ್ರಾಬಾ. ಬಲೆ ಮತ್ತು ತ್ರಿಶೂಲ ಹಿಡಿದ ಅವನೇ ಗೆಲ್ಲುತ್ತಾನೆ. ಆದರೆ ಎದುರಾಳಿಯ ಕೊರಳಿಗೆ ಒತ್ತಿದ್ದ ತ್ರಿಶೂಲವನ್ನು ಮೇಲೆ ಕೂತ ರೋಮನರತ್ತ ಎಸೆಯುತ್ತಾನೆ. ಅಷ್ಟು ಹೊತ್ತೂ ಅವರು ರೋಮಿನ ಅಧಿಕಾರ, ಹುದ್ದೆಗಳ ಹರಟೆಯಲ್ಲಿದ್ದರು!

ಮುಂದೆ ಗುಲಾಮರು ದಂಗೆಯೇಳುತ್ತಾರೆ. ಅವರ ಕೊನೆಯ ಯುದ್ಧದಲ್ಲೂ ಇದೇ ಹದ. ರೋಮನ್ ದಂಡು ದೂರದ ಬಯಲಿನಲ್ಲಿ ಚೌಕ ಚೌಕವಾಗಿ ಮುಂದೊತ್ತುತ್ತದೆ. ದಂಗೆಕೋರರು ನಿಂತು ನೋಡುತ್ತಾರೆ, ಅವರೊಡನೆ ನಾವೂ. ಸ್ಪೇನಿನ ಸಾವಿರಾರು ಸೈನಿಕರನ್ನೇ ನಿಲ್ಲಿಸಿ ಚಿತ್ರೀಕರಿಸಿದ ದೃಶ್ಯವದು.

ಚಿತ್ರಕಥೆಗಾರ ಡಾಲ್ಟನ್ ಟ್ರಂಬೊ ಹಾಲಿವುಡ್ಡಿನ ಕಪ್ಪುಪಟ್ಟಿಯಲ್ಲಿದ್ದವರು, ಅಂದರೆ ಕೆಲಸ ಕೊಡಬಾರದೆಂದು ಚಿತ್ರರಂಗ ದೂರವಿಟ್ಟವರಲ್ಲಿ ಒಬ್ಬರು. ಕಮ್ಯುನಿಸ್ಟರು ಯಾರ್ಯಾರು, ಹೆಸರು ಹೇಳಿ ಎಂದು ವಿಚಾರಣೆಗಳಲ್ಲಿ ಒತ್ತಾಯಿಸುತ್ತಿದ್ದ ಕಾಲ. ವರ್ಷಗಟ್ಟಲೆ ಮರೆಯಲ್ಲಿ ಬರೆದ ಅವರ ಹೆಸರು ಈ ಚಿತ್ರದಲ್ಲಿ ತೆರೆಯ ಮೇಲೆ ಬಂತು. ಸ್ಪಾರ್ಟಕಸ್ ಯಾರೆಂದು ತೋರಿಸಿದರೆ ಶಿಲುಬೆಯಿಂದ ಉಳಿಯುವಿರಿ ಎಂದಾಗ ಸೆರೆಯಾಳುಗಳು ಒಬ್ಬೊಬ್ಬರಾಗಿ ಎದ್ದು ‘ನಾನೇ ಸ್ಪಾರ್ಟಕಸ್’ ಎನ್ನುವ ದೃಶ್ಯ ಇದು ತಿಳಿದ ಮೇಲೆ ನನ್ನನ್ನು ಇನ್ನಷ್ಟು ಕಲಕಿತು.

ಪ್ರೇಮದೃಶ್ಯಗಳು ಎಳೆದಂತಿವೆ, ನಿಜ. ಚಿತ್ರದಲ್ಲಿ ಸ್ಪಾರ್ಟಕಸ್ ಶಿಲುಬೆಗೇರುತ್ತಾನೆ. ಪ್ರಾಚೀನ ಇತಿಹಾಸಕಾರರ ಪ್ರಕಾರ ಅವನು ಕ್ರಿ.ಪೂ. 71ರಲ್ಲಿ ರಣರಂಗದಲ್ಲೇ ಮಡಿದ. ಆದರೆ ಸೆರೆಸಿಕ್ಕ ಸುಮಾರು 6,000 ಮಂದಿಯನ್ನು ಕಾಪುವಾದಿಂದ ರೋಮಿನವರೆಗೆ ದಾರಿಯುದ್ದಕ್ಕೂ ಶಿಲುಬೆಗೇರಿಸಿದ್ದು ಅವರೇ ದಾಖಲಿಸಿದ ಸಂಗತಿ.

ಕತ್ತರಿಸಿದ್ದ ದೃಶ್ಯಗಳನ್ನು ಸೇರಿಸಿ 1991ರಲ್ಲಿ ಸಿದ್ಧಪಡಿಸಿದ ಪ್ರತಿಯನ್ನೇ ಹುಡುಕಿ ನೋಡಿ. ಮೊಬೈಲಿನಲ್ಲಂತೂ ಬೇಡ, ಆ ದಂಡು ದೊಡ್ಡ ತೆರೆಗೆಂದೇ ಸಾಲುಗಟ್ಟಿ ನಿಂತದ್ದು.