ಎನ್‌ಒಸಿ ತಡೆದಿರುವುದು ಬಾಂಡ್ ಅಲ್ಲ, ನೋಟಿಸ್ ಅವಧಿ

ಎಟಿಆರ್ (ಸಣ್ಣ ಪ್ರಯಾಣಿಕ ವಿಮಾನ) ಸಹಪೈಲಟ್ ಹುದ್ದೆಗೆ ರಾಜೀನಾಮೆ ಕೊಟ್ಟು ಎರಡು ತಿಂಗಳಾದರೂ, ಬೇರೆ ಕಂಪನಿ ಸೇರಲು ಬೇಕಾದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕಂಪನಿ ಕೊಟ್ಟಿಲ್ಲ, ಬಾಂಡ್ ಕಾರಣವೇ ಎಂದು ಕೇಳಿದ್ದೀರಿ. ಇದಕ್ಕೆ ನೋಟಿಸ್ ಅವಧಿಯೇ ಕಾರಣವಿರಬೇಕು. ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎ 2017ರಲ್ಲಿ ತಿದ್ದಿದ ನಿಯಮದಂತೆ ಸಹಪೈಲಟ್‌ಗೆ ಆರು ತಿಂಗಳು, ಕಮಾಂಡರ್‌ಗೆ (ಮುಖ್ಯ ಪೈಲಟ್) ಒಂದು ವರ್ಷ. ಬೆರಳೆಣಿಕೆಯ ವಿಮಾನಗಳಿರುವ ಕಂಪನಿಯಲ್ಲಿ ಒಬ್ಬರು ಹೋದರೂ ರೋಸ್ಟರ್ (ಕೆಲಸದ ಪಾಳಿ ಪಟ್ಟಿ) ಕುಸಿಯುತ್ತದೆ, ಸುಲಭವಾಗಿ ಬಿಡುವುದಿಲ್ಲ.

ಮೊದಲು, ರಾಜೀನಾಮೆ ತಲುಪಿದ ದಿನಾಂಕವನ್ನು ಇಮೇಲ್‌ನಲ್ಲಿ ಖಚಿತಪಡಿಸಿಕೊಳ್ಳಿ. ಆಮೇಲೆ, ಬೇಗ ಬಿಡುಗಡೆ ಮಾಡುವಂತೆ ಲಿಖಿತವಾಗಿ ಕೇಳಿ. ಕಂಪನಿ ಒಪ್ಪಿ ಎನ್‌ಒಸಿ ಕೊಟ್ಟರೆ ಅವಧಿ ಮೊಟಕಾಗಬಹುದು. ಒಪ್ಪದಿದ್ದರೆ ಹೊಸ ಕಂಪನಿಗೆ ಈಗಲೇ ತಿಳಿಸಿ ಸೇರುವ ದಿನಾಂಕ ಮುಂದೂಡಿಸಿ. ದೊಡ್ಡ ಕಂಪನಿಗಳಿಗೆ ಇದು ಹೊಸದೇನಲ್ಲ. ಅಲ್ಲಿಯವರೆಗೆ ರೋಸ್ಟರ್‌ನಲ್ಲಿ ಬಂದ ಹಾರಾಟಗಳನ್ನು ನಿರಾಕರಿಸಬೇಡಿ. ಸಿಟ್ಟಿಗೆ ಗೈರುಹಾಜರಾದರೆ ನಿಯಮ ಈಗಿನ ಕಂಪನಿಯವರ ಪರ ವಾಲುತ್ತದೆ. ಅದೇ ನಿಯಮ ನಿಮ್ಮ ನ್ಯಾಯಬದ್ಧ ಹಕ್ಕುಗಳನ್ನು ಕಸಿಯದಂತೆ ಅವರನ್ನೂ ಕಟ್ಟಿಹಾಕುತ್ತದೆ. ವೈದ್ಯಕೀಯ ಪ್ರಮಾಣಪತ್ರ, ಇನ್‌ಸ್ಟ್ರುಮೆಂಟ್ ರೇಟಿಂಗ್ (ಉಪಕರಣಗಳನ್ನು ನೋಡಿಯೇ ಹಾರಿಸುವ ಅರ್ಹತೆ) ಇವುಗಳ ಅವಧಿ ಈ ನಡುವೆ ಮುಗಿಯದಂತೆ ನೋಡಿಕೊಳ್ಳಿ.

ಬಾಂಡ್, ಅಂದರೆ ಅವಧಿಗೆ ಮೊದಲೇ ಬಿಟ್ಟರೆ ತರಬೇತಿ ವೆಚ್ಚ ಕಟ್ಟಬೇಕೆಂಬ ಕರಾರು, ಬೇರೆ ವಿಷಯ. ಒಪ್ಪಂದ ಓದದೆ ಎಷ್ಟು ಕಟ್ಟಬೇಕೆಂದು ಹೇಳಲಾರೆ. ಆದರೆ ಒಪ್ಪಂದ ಕಾಯ್ದೆಯ 74ನೇ ಕಲಮಿನ ಪ್ರಕಾರ ಸಿಗುವುದು ಸಮಂಜಸ ಪರಿಹಾರ ಮಾತ್ರ; ಬರೆದಿರುವ ಮೊತ್ತ ಅದರ ಗರಿಷ್ಠ ಮಿತಿ. ತರಬೇತಿ ವೆಚ್ಚದ ವಿವರ ಕೇಳಿ ಪಡೆದು, ವಕೀಲರಿಗೆ ತೋರಿಸಿದ ಮೇಲೆಯೇ ಚೆಕ್ ಬರೆಯಿರಿ.